ನ್ಯೂಯಾರ್ಕಿನಲ್ಲಿ ಜಾಝ್ ಕೇಳುತ್ತಾ ಊಟ: ಯಾರಿಗೆ ಯಾವ ಕ್ಲಬ್?

"ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಲಿಬರ್ಟಿ ಪ್ರತಿಮೆ ನೋಡಿದ್ದಾಯಿತು, ಟೈಮ್ಸ್ ಸ್ಕ್ವೇರ್ ಸುತ್ತಿದ್ದಾಯಿತು. ಒಂದು ಸಂಜೆ ಜಾಝ್ ಕೇಳಿಸಿ, ಅಲ್ಲೇ ಊಟಾನೂ ಮಾಡಿಸಿಕೊಂಡು ಬರಬೇಕು. ಬ್ಲೂ ನೋಟಾ, ಬರ್ಡ್‌ಲ್ಯಾಂಡಾ, ಡಿಝೀಸಾ?"

ಜೂನ್ ತಿಂಗಳು ಬಂತೆಂದರೆ ಈ ಪ್ರಶ್ನೆ ಹೊತ್ತು ಯಾರಾದರೊಬ್ಬರು ಫೋನ್ ಮಾಡುತ್ತಾರೆ. ನ್ಯೂಯಾರ್ಕಿನ ನದಿಯಾಚೆಯ ಜರ್ಸಿ ಸಿಟಿಗೆ ಬಂದು ಹದಿಮೂರು ವರ್ಷವಾಯಿತು, ಈ ಕ್ಲಬ್ಬುಗಳಲ್ಲಿ ಕಳೆದ ಸಂಜೆಗಳನ್ನು ನಾನು ಲೆಕ್ಕ ಇಟ್ಟಿಲ್ಲ. ಒಬ್ಬಳೇ ಹೋಗಿದ್ದೇನೆ, ಗಂಡನ ಜೊತೆ ಹೋಗಿದ್ದೇನೆ, ಮಂಡಿನೋವಿನ ಅಮ್ಮನನ್ನೂ ಒಂಬತ್ತೂವರೆಗೆ ನಿದ್ದೆ ಹೋಗುವ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೇನೆ. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮ್ಮ ಸಂಜೆ ಎಲ್ಲಿ ಎಂಬುದನ್ನು ನೀವೇ ತೀರ್ಮಾನ ಮಾಡಬಹುದು.

ಮೊದಲು ಕಿವಿಯೋ, ಹೊಟ್ಟೆಯೋ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇದು. ನಮಗೆ ಸಂಗೀತ ಮತ್ತು ಊಟ ಬೇರೆ ಬೇರೆ ಜಾಗದ ಸಂಗತಿಗಳು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿಯಾದರೂ ಅಷ್ಟೆ, ಗಾಯನ ಸಮಾಜವಾದರೂ ಅಷ್ಟೆ, ಹಸಿವಾದರೆ ಎದ್ದು ಹೊರಗೆ ಹೋಗಿ ತಿಂದು ಬರುತ್ತೇವೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವವರನ್ನು ನೋಡಿ ಬೆಳೆದವಳು ನಾನು. ಸಪ್ಪರ್ ಕ್ಲಬ್ಬಿನಲ್ಲಿ, ಅಂದರೆ ಉಣ್ಣುತ್ತಾ ಸಂಗೀತ ಕೇಳುವ ಜಾಗದಲ್ಲಿ, ತಟ್ಟೆ ನಿಮ್ಮ ಮುಂದೆಯೇ ಇರುತ್ತದೆ, ವಾದಕರು ಅದರಾಚೆ ಎಂಟು ಅಡಿ ದೂರದಲ್ಲಿರುತ್ತಾರೆ. ಮುಳ್ಳುಚಮಚ ಪಿಂಗಾಣಿಗೆ ತಾಗಿದ ಸದ್ದು ಅವರಿಗೂ ಕೇಳುತ್ತದೆ.

ಈ ಏರ್ಪಾಡಿಗೆ ಒಂದು ಇತಿಹಾಸವಿದೆ. ಜಾಝ್ ಮೊದಲು ಕುಣಿತದ ಸಂಗೀತವಾಗಿತ್ತು. 1944ರಲ್ಲಿ ಅಮೆರಿಕ ಸರ್ಕಾರ, ಕುಣಿತ ಮತ್ತು ಹಾಡುಗಾರಿಕೆ ಇರುವ ಊಟದ ಜಾಗಗಳ ಬಿಲ್ಲಿನ ಮೇಲೆ ಶೇ. 30 ತೆರಿಗೆ ಹಾಕಿತು, ಆಮೇಲೆ ಅದನ್ನು ಶೇ. 20ಕ್ಕೆ ಇಳಿಸಿತು. ಬರೀ ವಾದ್ಯ ಸಂಗೀತವಿದ್ದು ಯಾರೂ ಕುಣಿಯದ ಜಾಗಕ್ಕೆ ಆ ತೆರಿಗೆ ಇರಲಿಲ್ಲ. ಜನ ಕುಣಿಯುವುದನ್ನು ಬಿಟ್ಟು ಕೂತು ಕೇಳುವಂತಾಗಲು ಬೇರೆ ಕಾರಣಗಳೂ ಇದ್ದವು, ಆದರೆ ಈ ತೆರಿಗೆಯದ್ದೂ ಒಂದು ಕೈ ಇತ್ತು. ಇಂದಿಗೂ ಈ ಕ್ಲಬ್ಬುಗಳಲ್ಲಿ ಮೇಜುಗಳು ಒತ್ತೊತ್ತಾಗಿರುವುದು, ಎಲ್ಲರ ಮುಖ ವೇದಿಕೆಯ ಕಡೆ ಇರುವುದು ಆ ಕಾಲದ ಮುಂದುವರಿಕೆಯೇ.

ಹಾಗಾಗಿ ಕೆಲವು ಕ್ಲಬ್ಬುಗಳಲ್ಲಿ ಸಂಗೀತವೇ ಯಜಮಾನ, ಊಟ ಹೆಸರಿಗೆ ಮಾತ್ರ. ಇನ್ನು ಕೆಲವು ಕಡೆ ಅಡುಗೆಮನೆಯವರೂ ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಎರಡೂ ತುದಿ ಒಂದೇ ಸಂಜೆಯಲ್ಲಿ ಪೂರಾ ಸಿಗುವುದು ಕಷ್ಟ.

ದುಡ್ಡಿನ ಲೆಕ್ಕ

ಮೊದಲ ಸಲ ಹೋದಾಗ ನಾನು ಎಡವಿದ್ದು ಇಲ್ಲೇ. ಟಿಕೆಟ್ಟಿನ ಬೆಲೆ ನೋಡಿ "ಪರವಾಗಿಲ್ಲ" ಎಂದು ಹೋಗಿ, ಬಿಲ್ಲು ಬಂದಾಗ ಕೈಯಲ್ಲಿದ್ದ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದ್ದೆ. ಸಾಲದ್ದಕ್ಕೆ ಕೂರಿಸಿದ್ದು ಕಂಬದ ಹಿಂದೆ. ಪಿಯಾನೋ ನುಡಿಸುತ್ತಿದ್ದವರ ಬಲಗೈ ಮಾತ್ರ ಇಡೀ ರಾತ್ರಿ ಕಾಣುತ್ತಿತ್ತು.

ನಿಮಗೆ ಹಾಗಾಗಬಾರದು. ಖರ್ಚಿನಲ್ಲಿ ನಾಲ್ಕು ಭಾಗ ಇರುತ್ತದೆ. ಸಂಗೀತಕ್ಕೆ ಟಿಕೆಟ್ ಅಥವಾ ಕವರ್ ಚಾರ್ಜ್ ಎಂಬ ಪ್ರವೇಶ ಶುಲ್ಕ. ಅದಲ್ಲದೆ ತಲೆಗೆ ಇಷ್ಟು ಡಾಲರಿನ ತಿಂಡಿಯನ್ನೋ ಪಾನೀಯವನ್ನೋ ಕೊಳ್ಳಲೇಬೇಕು ಎಂಬ ಮಿನಿಮಮ್, ಬಹುತೇಕ ಕಡೆ 20 ಡಾಲರ್ ಆಸುಪಾಸು. ಊಟದ ಮೇಲೆ ನಗರದ ಶೇ. 8.875 ಮಾರಾಟ ತೆರಿಗೆ. ಕೊನೆಗೆ ಟಿಪ್, ಶೇ. 18ರಿಂದ 20. ಒಂದು ಉದಾಹರಣೆ ಹಾಕಿ ನೋಡೋಣ. ಇಬ್ಬರು, ಟಿಕೆಟ್ 35 ಡಾಲರಿನಂತೆ 70. ತಲಾ 30 ಡಾಲರಿನ ಊಟ, 60. ತೆರಿಗೆ ಐದು ಚಿಲ್ಲರೆ, ಟಿಪ್ 12. ಬುಕಿಂಗ್ ಶುಲ್ಕ ಬಿಟ್ಟೇ 147 ಡಾಲರ್ ಆಯಿತು. ಟಿಕೆಟ್ಟಿನ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚೇ ಜೇಬಿನಲ್ಲಿ ಇಟ್ಟುಕೊಂಡು ಹೊರಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮಿನಿಮಮ್ಮಿಗೆ ಮದ್ಯವೇ ಆಗಬೇಕೆಂದಿಲ್ಲ, ಶುಂಠಿ ಸೋಡಾ ಕುಡಿದರೂ ಲೆಕ್ಕಕ್ಕೆ ಬರುತ್ತದೆ.

ಬಿಲ್ಲಿನ ಬಗ್ಗೆ ಇನ್ನೊಂದು ಮಾತು. ಒಂದು ಸೆಟ್, ಅಂದರೆ ಒಂದು ಸರದಿಯ ಕಛೇರಿ, ಸುಮಾರು 75 ನಿಮಿಷ. ಮುಂದಿನ ಸೆಟ್ಟಿನ ಜನ ಹೊರಗೆ ಕಾಯುತ್ತಿರುತ್ತಾರೆ, ಹಾಗಾಗಿ ವೇಟರ್ ಕೊನೆಯ ಹಾಡು ನಡೆಯುವಾಗಲೇ ಬಿಲ್ಲು ತಂದಿಡುತ್ತಾರೆ. ಎಷ್ಟೋ ಸಲ ಒಂದು ಸಂಜೆಯ ಅತಿ ಚಂದದ ಹತ್ತು ನಿಮಿಷ ಕಾರ್ಡು ಹುಡುಕುವುದರಲ್ಲಿ ಕಳೆದುಹೋಗುತ್ತದೆ. ಊಟ ಬಂದ ತಕ್ಷಣ "ಬಿಲ್ಲು ಈಗಲೇ ಕೊಡಿ" ಎಂದು ಕೇಳಿ ಮುಗಿಸಿಬಿಡಿ. ನಾನು ಈಗ ಯಾವಾಗಲೂ ಹಾಗೇ ಮಾಡುವುದು.

ಇವೆರಡರ ಜೊತೆಗೆ ಇನ್ನು ಮೂರು ವಿಷಯ ನೋಡಿಕೊಳ್ಳಿ: ಸಸ್ಯಾಹಾರಿಗೆ ಹೊಟ್ಟೆ ತುಂಬುವಂಥದ್ದು ಏನಿದೆ, ಮೆಟ್ಟಿಲು ಎಷ್ಟಿವೆ, ವಾಪಸು ಮನೆಗೆ ರೈಲು ಹೇಗೆ.

ವಿಲೇಜ್ ವ್ಯಾನ್‌ಗಾರ್ಡ್: ಊಟ ಮುಗಿಸಿಕೊಂಡು ಹೋಗಿ

ಊಟದ ಕ್ಲಬ್ಬುಗಳ ಹೋಲಿಕೆಯಲ್ಲಿ ಊಟವೇ ಇಲ್ಲದ ಜಾಗವನ್ನು ಮೊದಲು ಹೇಳುತ್ತಿದ್ದೇನೆ, ಏಕೆಂದರೆ ಉಳಿದವನ್ನೆಲ್ಲ ಅಳೆಯುವುದು ಇದರ ಪಕ್ಕ ಇಟ್ಟೇ. ಸೆವೆಂತ್ ಅವೆನ್ಯೂ ಸೌತ್‌ನಲ್ಲಿ, 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಶುರು ಮಾಡಿದ ನೆಲಮಾಳಿಗೆ. ತ್ರಿಕೋನದ ಕೋಣೆ, ನೂರಿಪ್ಪತ್ತು ಚಿಲ್ಲರೆ ಜನಕ್ಕೆ ಜಾಗ. ತ್ರಿಕೋನದ ಚೂಪು ತುದಿಯಲ್ಲಿ ವೇದಿಕೆ. ಒಂದು ಕಾಲದಲ್ಲಿ ಅಡುಗೆಮನೆ ಇತ್ತು, ಈಗ ಅದು ವಾದಕರು ಕೂತು ಮಾತಾಡುವ ಕೋಣೆ. ಟಿಕೆಟ್ಟಿನ ಮೇಲೆ ಒಂದು ಪಾನೀಯ ಕೊಂಡರೆ ಸಾಕು. ರಾತ್ರಿ ಎಂಟಕ್ಕೊಂದು ಸೆಟ್, ಹತ್ತಕ್ಕೊಂದು.

1961ರ ಜೂನ್ 25ರ ಭಾನುವಾರ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡ ಇಲ್ಲಿ ನುಡಿಸಿದ್ದರ ಧ್ವನಿಮುದ್ರಣ ಇದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಿಯಾನೋ ಹಿಂದೆ ಗಾಜಿನ ಲೋಟಗಳ ಕಿಣಿಕಿಣಿ, ಯಾರೋ ನಗುವುದು, ಮೇಜಿನ ಮಾತು, ಎಲ್ಲ ಕೇಳುತ್ತದೆ. ಅಂದು ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸಿದ ಸ್ಕಾಟ್ ಲಫಾರೋ ಹನ್ನೊಂದನೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು, ಇಪ್ಪತ್ತೈದು ವರ್ಷದ ಹುಡುಗ. ಆ ಮೇಜಿನಲ್ಲಿ ಮಾತಾಡುತ್ತಿದ್ದವರಿಗೆ ತಾವು ಏನನ್ನು ಕೇಳಿಸಿಕೊಳ್ಳದೆ ಬಿಟ್ಟೆವೆಂದು ಆಮೇಲಾದರೂ ತಿಳಿಯಿತೋ ಇಲ್ಲವೋ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಈಗ ಅಲ್ಲಿ ಮಾತಾಡಲು ಬಿಡುವುದಿಲ್ಲ, ಫೋಟೋ ತೆಗೆಯಲೂ ಬಿಡುವುದಿಲ್ಲ.

ಸೋಮವಾರ ಹೋದರೆ ಅಲ್ಲಿನ ದೊಡ್ಡ ಆರ್ಕೆಸ್ಟ್ರಾ ಸಿಗುತ್ತದೆ. 1966ರಿಂದ ಸೋಮವಾರ ಅವರದೇ. ಹದಿನಾರು ಜನ ಅಷ್ಟು ಸಣ್ಣ ಕೋಣೆಯಲ್ಲಿ ಒಟ್ಟಿಗೆ ನುಡಿಸಿದಾಗ ಮೇಜಿನ ಮೇಲಿನ ನೀರು ನಡುಗುತ್ತದೆ, ಲೋಟದ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ.

ಅಡ್ಡಿ ಎಂದರೆ ಬೀದಿಯಿಂದ ಕೆಳಕ್ಕಿಳಿಯುವ ಕಡಿದಾದ ಮೆಟ್ಟಿಲು. ಲಿಫ್ಟ್ ಇಲ್ಲ. ಮಂಡಿ ನೋವಿರುವವರನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ. ಊಟಕ್ಕೆ ಮ್ಯಾಕ್‌ಡೂಗಲ್ ಬೀದಿಯಲ್ಲಿ 1971ರಿಂದ ಇರುವ ಮಮೂನ್ಸ್ ಫಲಾಫೆಲ್ ಇದೆ. ಕಡಲೆಯ ವಡೆ, ಎಳ್ಳಿನ ಚಟ್ನಿ, ರೊಟ್ಟಿ. ನಮ್ಮ ನಾಲಿಗೆಗೆ ಒಗ್ಗುತ್ತದೆ, ಜೇಬಿಗೂ ಭಾರವಿಲ್ಲ. ತಿಂದು ನಡೆದುಕೊಂಡೇ ಬರಬಹುದು. ಹತ್ತಿರದಲ್ಲೇ, ಪಶ್ಚಿಮ 10ನೇ ಬೀದಿಯಲ್ಲಿ, ಸ್ಮಾಲ್ಸ್ ಮತ್ತು ಮೆಝ್ರೋ ಎಂಬ ಎರಡು ಪುಟ್ಟ ನೆಲಮಾಳಿಗೆಗಳಿವೆ. ಅಲ್ಲೂ ಊಟವಿಲ್ಲ. ಕೈಯಲ್ಲಿ ಕಾಸು ಕಡಿಮೆ ಇರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇವನ್ನೇ.

ಬ್ಲೂ ನೋಟ್: ದೊಡ್ಡ ಹೆಸರು, ಇಕ್ಕಟ್ಟಿನ ಕುರ್ಚಿ

1981ರಲ್ಲಿ ಶುರುವಾದ ಇದು ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಪಶ್ಚಿಮ 3ನೇ ಬೀದಿಯಲ್ಲಿದೆ. ಬೇರೆ ಕಡೆ ಸಾವಿರಾರು ಜನ ಕೂರುವ ಸಭಾಂಗಣದಲ್ಲಿ ದೂರದಿಂದ ನೋಡಬೇಕಾದ ಕಲಾವಿದರನ್ನು ಇಲ್ಲಿ ಕೈಚಾಚುವ ದೂರದಲ್ಲಿ ನೋಡಬಹುದು. ಅದಕ್ಕೆ ತೆರುವ ಬೆಲೆ ಇಕ್ಕಟ್ಟು. ಉದ್ದನೆ ಮೇಜುಗಳನ್ನು ಅಪರಿಚಿತರ ಜೊತೆ ಹಂಚಿಕೊಳ್ಳಬೇಕು. ಪಕ್ಕದವರ ಮೊಣಕೈ ನಿಮ್ಮ ತಟ್ಟೆಯ ಅಂಚಿನಲ್ಲಿರುತ್ತದೆ. ಹೊಸದಾಗಿ ಮದುವೆಯಾದವರು ಏಕಾಂತದ ಊಟಕ್ಕೆಂದು ಹೋದರೆ ನಿರಾಸೆಯಾಗುತ್ತದೆ.

ಟಿಕೆಟ್ಟಿಗೆ ಎರಡು ದರ, ಮೇಜಿನ ಭಾಗಕ್ಕೊಂದು, ಬಾರಿನ ಭಾಗಕ್ಕೊಂದು. ಬಾರಿನದು ಅಗ್ಗ. ಆ ಭಾಗದೊಳಗೆ ಯಾವ ಜಾಗ ಎನ್ನುವುದು ಮೊದಲು ಬಂದವರಿಗೆ ಮೊದಲು, ಆದ್ದರಿಂದ ಎಂಟರ ಸೆಟ್ಟಿಗೆ ಆರೂವರೆಗೇ ಹೋಗಿ ಸಾಲಿನಲ್ಲಿ ನಿಲ್ಲಿ. ಬೇಗ ಒಳಗೆ ಹೋದರೆ ಊಟವನ್ನೂ ಸಂಗೀತಕ್ಕೆ ಮೊದಲೇ ಮುಗಿಸಬಹುದು. ಊಟ ಸಾಧಾರಣ, ಅದನ್ನೇ ನೆಚ್ಚಿಕೊಂಡು ಹೋಗುವಂಥದ್ದಲ್ಲ. ಹಿರಿಯರಿದ್ದರೆ ಇದೊಂದು ನೆನಪಿಡಿ: ಶೌಚಾಲಯ ಮಹಡಿಯ ಮೇಲಿದೆ. ಅದೇ ಮೆಟ್ಟಿಲಿನಿಂದಲೇ ಕಲಾವಿದರೂ ಇಳಿದು ಜನರ ನಡುವೆ ಹಾದು ವೇದಿಕೆಗೆ ಬರುತ್ತಾರೆ. ಮೆಟ್ಟಿಲ ಪಕ್ಕದ ಕುರ್ಚಿ ಸಿಕ್ಕರೆ ಅವರ ಕೋಟು ನಿಮ್ಮ ಭುಜ ಸವರಿಕೊಂಡು ಹೋಗುತ್ತದೆ.

ಬರ್ಡ್‌ಲ್ಯಾಂಡ್: ಬೇಗ ಮಲಗುವವರಿಗೆ

ಮೂಲ ಬರ್ಡ್‌ಲ್ಯಾಂಡ್ 1949ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ ತೆರೆದದ್ದು, 'ಬರ್ಡ್' ಎಂದು ಕರೆಸಿಕೊಳ್ಳುತ್ತಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹೆಸರಿನಲ್ಲಿ. ಅದು 1965ರಲ್ಲಿ ಮುಚ್ಚಿತು. ಈಗಿನದು 1986ರಲ್ಲಿ ಬೇರೆ ಕಡೆ ಮತ್ತೆ ಹುಟ್ಟಿ, 1996ರಿಂದ ಪಶ್ಚಿಮ 44ನೇ ಬೀದಿಯಲ್ಲಿದೆ. ಜರ್ಸಿ ಬಸ್ಸುಗಳೆಲ್ಲ ಬಂದು ನಿಲ್ಲುವ ಪೋರ್ಟ್ ಅಥಾರಿಟಿ ನಿಲ್ದಾಣಕ್ಕೆ ಕೆಲವೇ ನಿಮಿಷದ ನಡಿಗೆ.

ನಾನು ಇದನ್ನು ಮೆಚ್ಚುವುದು ಸಂಜೆ ಐದೂವರೆಯ ಕಾರ್ಯಕ್ರಮಕ್ಕೆ. ಆ ಹೊತ್ತಿಗೆ ಹಳೆಯ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕಾಲದ ಸಂಗೀತ ನುಡಿಸುವ ತಂಡ, ಬಿಗ್ ಬ್ಯಾಂಡ್ ಎಂಬ ದೊಡ್ಡ ವಾದ್ಯತಂಡ ಇಂಥವನ್ನು ವಾರದ ಬೇರೆ ಬೇರೆ ದಿನ ಇಡುತ್ತಾರೆ. ಜಾಝ್ ಗೊತ್ತೇ ಇಲ್ಲದವರಿಗೂ ಆ ಹಳೆಯ ಲಯ ಥಟ್ಟನೆ ಕಾಲಿಗೆ ಹತ್ತುತ್ತದೆ. ಏಳಕ್ಕೆ ಮುಗಿದರೆ ಒಂಬತ್ತರೊಳಗೆ ಮನೆ. ಮೇಜುಗಳು ಹಂತಹಂತವಾಗಿರುವುದರಿಂದ ಹಿಂದೆ ಕೂತವರಿಗೂ ವೇದಿಕೆ ಕಾಣುತ್ತದೆ. ಕೆಳಗಿನ ಮಹಡಿಯಲ್ಲಿ 2018ರಲ್ಲಿ ತೆರೆದ ಇನ್ನೊಂದು ಸಣ್ಣ ರಂಗವೂ ಇದೆ, ಬುಕ್ ಮಾಡುವಾಗ ಯಾವುದಕ್ಕೆ ಮಾಡುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಅಪ್ಪ ಮೊದಲ ಸಲ ಬಂದಾಗ ಕರೆದುಕೊಂಡು ಹೋದದ್ದು ಇಲ್ಲಿಗೇ. ಸ್ಯಾಕ್ಸೊಫೋನ್ ಶುರುವಾದದ್ದೇ ತಡ, ನನ್ನ ಕಡೆ ಬಾಗಿ "ನಮ್ಮ ಕದ್ರಿಯವರ ವಾದ್ಯ ಕಣೇ" ಅಂದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದರಲ್ಲಿ ಕರ್ನಾಟಕ ಸಂಗೀತ ಸಾಧಿಸಿದ ಕದ್ರಿ ಗೋಪಾಲನಾಥ್, 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರು. ಚಾರ್ಲಿ ಪಾರ್ಕರನ್ನು ಆರಾಧಿಸುವ ಭಾರತೀಯ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಕದ್ರಿಯವರ ಜೊತೆಗೇ ಒಂದು ಆಲ್ಬಂ ತಂದರು. ರುದ್ರೇಶ್ ಅವರ ಕಾರ್ಯಕ್ರಮ ನ್ಯೂಯಾರ್ಕಿನ ಯಾವ ಕ್ಲಬ್ಬಿನಲ್ಲೇ ಇರಲಿ, ಊಟ ಹೇಗಿದೆ ಎಂದು ಕೇಳದೆ ಹೋಗಿಬಿಡಿ.

ಡಿಝೀಸ್ ಕ್ಲಬ್: ಕಿಟಕಿ, ನುಚ್ಚು, ಅಮ್ಮ

ಕೊಲಂಬಸ್ ಸರ್ಕಲ್ಲಿನ ಎತ್ತರದ ಕಟ್ಟಡದ ಐದನೇ ಮಹಡಿ. ಜಾಝ್ ಅಟ್ ಲಿಂಕನ್ ಸೆಂಟರ್ ಎಂಬ ಸಂಸ್ಥೆ 2004ರಲ್ಲಿ ತೆರೆದ ಕ್ಲಬ್ಬು. ಅದರ ಕಲಾ ನಿರ್ದೇಶಕರು ತುತ್ತೂರಿ ವಾದಕ ವಿಂಟನ್ ಮಾರ್ಸಾಲಿಸ್, ಕ್ಲಬ್ಬಿಗೆ ಇಟ್ಟಿರುವ ಹೆಸರು ಇನ್ನೊಬ್ಬ ತುತ್ತೂರಿ ವಾದಕ ಡಿಝೀ ಗಿಲೆಸ್ಪಿಯವರದು. ವೇದಿಕೆಯ ಹಿಂದೆ ಗೋಡೆ ಇಲ್ಲ, ಪೂರ್ತಿ ಗಾಜು. ವಾದಕರ ಬೆನ್ನಿನಾಚೆ ಸೆಂಟ್ರಲ್ ಪಾರ್ಕಿನ ಮರಗಳು, ಕೆಳಗೆ ವೃತ್ತ ಸುತ್ತುವ ಟ್ಯಾಕ್ಸಿಗಳ ಹಳದಿ ಕೆಂಪು ದೀಪ. ಬೇಸಿಗೆ ಮುಗಿಯುವ ಹೊತ್ತಿನಲ್ಲಿ ಏಳರ ಸೆಟ್ಟಿಗೆ ಹೋದರೆ ಬೆಳಕಿದ್ದಾಗ ಶುರುವಾಗಿ, ಎರಡು ಮೂರು ಹಾಡು ಕಳೆಯುವಷ್ಟರಲ್ಲಿ ಆ ಗಾಜು ನಿಧಾನವಾಗಿ ನೀಲಿಯಾಗುತ್ತದೆ. ಲಿಫ್ಟ್ ಇದೆ, ಶೌಚಾಲಯಕ್ಕೆ ಮಹಡಿ ಹತ್ತಬೇಕಿಲ್ಲ.

ಊಟ ಅಮೆರಿಕದ ದಕ್ಷಿಣದ ರಾಜ್ಯಗಳ ಶೈಲಿಯದು. ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ದಕ್ಷಿಣದ ಅಡುಗೆಯಲ್ಲಿ ಕಾಲರ್ಡ್ ಸೊಪ್ಪನ್ನು ಹಂದಿ ಮಾಂಸದ ತುಂಡು ಹಾಕಿ ಬೇಯಿಸುವ ರೂಢಿ ಇದೆ. ಸೊಪ್ಪಿನ ಪಲ್ಯವಲ್ಲವೇ ಎಂದು ತರಿಸಬೇಡಿ, ಕೇಳಿ. ಗಂಬೋ ಎಂಬ ಸಾರಿನಲ್ಲಿ ಬೆಂಡೆಕಾಯಿ ಇದ್ದರೂ ಸಾಮಾನ್ಯವಾಗಿ ಮಾಂಸ ಅಥವಾ ಸಿಗಡಿ ಇದ್ದೇ ಇರುತ್ತದೆ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚು. ಅದರ ಮೇಲೆ ಸಿಗಡಿ ಹಾಕಿಕೊಡುವುದು ಅವರ ಪದ್ಧತಿ. ನಾನು ಅಮ್ಮನನ್ನು ಕರೆದೊಯ್ದ ದಿನ ಸಿಗಡಿ ಬೇಡ, ಬರೀ ಗ್ರಿಟ್ಸ್ ಕೊಡಿ, ಮಾಂಸದ ಸಾರಿನ ಅಂಶವೇನೂ ಸೇರದಿರಲಿ ಎಂದು ವಿವರಿಸಿ ಕೇಳಿದೆ. ಪಾಪ, ವೇಟರ್ ಹುಡುಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ತಂದುಕೊಟ್ಟಳು. ಬಟ್ಟಲಿನಲ್ಲಿ ಬೆಣ್ಣೆ ಕರಗಿ ಹಳದಿ ವೃತ್ತವಾಗಿತ್ತು. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಇದು ನಮ್ಮನೆ ನುಚ್ಚಿನ ಗಂಜಿ. ಒಂದು ಉಪ್ಪಿನಕಾಯಿ ಇದ್ದಿದ್ರೆ ಆಗಿತ್ತು" ಅಂದರು. ಆಮೇಲೆ ಬಾಸ್ ನುಡಿಸುವವರು ಒಬ್ಬರೇ ಮೆಲ್ಲಗೆ ನುಡಿಸತೊಡಗಿದಾಗ ಚಮಚವನ್ನು ಸದ್ದಾಗದಂತೆ ಕರವಸ್ತ್ರದ ಮೇಲೆ ಇಟ್ಟು, ಕೈಕಟ್ಟಿ ಕೂತುಬಿಟ್ಟರು. ಗಂಜಿ ಆರಿಹೋಯಿತು. ಅವರು ಅದನ್ನು ಮತ್ತೆ ಮುಟ್ಟಿದ್ದು ಚಪ್ಪಾಳೆ ಮುಗಿದ ಮೇಲೆ.

ಕೊರತೆ ಏನೆಂದರೆ ಇಲ್ಲಿ ನೆಲಮಾಳಿಗೆಯ ಆ ಬಿಸುಪು ಇಲ್ಲ. ಎಲ್ಲ ಅಚ್ಚುಕಟ್ಟು, ಸ್ವಲ್ಪ ಹೋಟೆಲ್ ಲಾಬಿಯ ಗುಣ. ಕಿಟಕಿಗೆ ಎದುರಾದ ಮೇಜು ಮತ್ತು ಪಕ್ಕದ ಮೇಜಿಗೆ ಅಜಗಜಾಂತರ. ಬೇಗ ಬುಕ್ ಮಾಡಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ, ಗುರುತಿನ ಚೀಟಿ ಮರೆಯಬೇಡಿ.

ಸ್ಮೋಕ್: ಊಟಕ್ಕಾಗಿ ಹೋಗಬಹುದಾದದ್ದು

ಸಪ್ಪರ್ ಕ್ಲಬ್ ಎಂಬ ಮಾತು ಪೂರ್ತಿ ಒಪ್ಪುವುದು ಇದಕ್ಕೆ. ಬ್ರಾಡ್‌ವೇಯಲ್ಲಿ 105 ಮತ್ತು 106ನೇ ಬೀದಿಗಳ ನಡುವೆ, 1999ರಲ್ಲಿ ಶುರುವಾದದ್ದು. ಕೋವಿಡ್ ಕಾಲದಲ್ಲಿ ಮುಚ್ಚಿ, ಪಕ್ಕದ ಜಾಗವನ್ನೂ ಸೇರಿಸಿಕೊಂಡು 2022ರಲ್ಲಿ ಮತ್ತೆ ತೆರೆಯಿತು. ಮೇಜಿನ ಮೇಲೆ ಸಣ್ಣ ದೀಪ, ತಗ್ಗಿದ ಬೆಳಕು, ಬೀದಿಯ ಮಟ್ಟದಲ್ಲೇ ಬಾಗಿಲು. ಹೆಸರು ಮಾಡಿದ ಹಿರಿಯ ವಾದಕರು ಇಲ್ಲಿ ನುಡಿಸುತ್ತಾರೆ, ಕ್ಲಬ್ಬಿಗೆ ತನ್ನದೇ ಧ್ವನಿಮುದ್ರಣ ಸಂಸ್ಥೆಯೂ ಇದೆ. ಅಡುಗೆಯವರೂ ಅಷ್ಟೇ ಮನಸ್ಸಿಟ್ಟು ಮಾಡುತ್ತಾರೆ. ಮದುವೆಯ ವಾರ್ಷಿಕೋತ್ಸವಕ್ಕೆ ಎಲ್ಲಿಗೆ ಎಂದು ಕೇಳಿದರೆ ನನ್ನ ಉತ್ತರ ಇದೇ. ಜರ್ಸಿಯವರಿಗೆ ದೂರ ಮಾತ್ರ. 1ನೇ ನಂಬರ್ ರೈಲಿನಲ್ಲಿ 103ನೇ ಬೀದಿಯವರೆಗೆ ಹೋಗಬೇಕು.

ಇನ್ನೆರಡು ಜಾಗ, ಬೇರೆ ಬೇರೆ ಜೇಬಿಗೆ

ಕೆಫೆ ಕಾರ್ಲೈಲ್ ಹಳೆಯ ಶ್ರೀಮಂತ ಹೋಟೆಲಿನ ಒಳಗಿದೆ. ಪಿಯಾನೋ ನುಡಿಸುತ್ತಾ ಹಾಡುತ್ತಿದ್ದ ಬಾಬಿ ಶಾರ್ಟ್ 1968ರಿಂದ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಹಾಡಿದರು. ಗಂಡಸರು ಜಾಕೆಟ್ ಹಾಕಿಕೊಂಡು ಹೋಗುವ ಜಾಗ, ಖರ್ಚು ಉಳಿದ ಕ್ಲಬ್ಬುಗಳ ಎರಡು ಮೂರು ಪಟ್ಟು ದಾಟಬಹುದು. ಜೀವನದಲ್ಲಿ ಒಮ್ಮೆ ಎನ್ನುವವರಿಗೆ ಸರಿ. ಅದೇ ದುಡ್ಡಿಗೆ ನಾನು ವ್ಯಾನ್‌ಗಾರ್ಡಿಗೆ ಆರು ಸಲ ಹೋಗುತ್ತೇನೆ.

ಜಾಝ್ ಬೇಡ, ಬೇರೆ ಏನಾದರೂ ಎನ್ನುವವರಿಗೆ ಲಫಾಯೆಟ್ ಬೀದಿಯ ಜೋಸ್ ಪಬ್ ಇದೆ. ಪಬ್ಲಿಕ್ ಥಿಯೇಟರ್ ಎಂಬ ರಂಗಮಂದಿರದೊಳಗೆ 1998ರಲ್ಲಿ ತೆರೆದದ್ದು. ಒಂದು ರಾತ್ರಿ ಜಾನಪದ, ಮರುರಾತ್ರಿ ಭಾರತೀಯ ಮೂಲದವರ ತಂಡ, ಹೀಗೆ ಎಲ್ಲಕ್ಕೂ ಜಾಗವಿದೆ. ಹೊಸ ಕಲಾವಿದರಿದ್ದಾಗ ಟಿಕೆಟ್ ದರವೂ ಹಗುರ.

ನಿಮ್ಮ ಮನೆಯ ಲೆಕ್ಕಕ್ಕೆ

ಅಪ್ಪ ಅಮ್ಮ ಬಂದಿದ್ದಾರೆ, ಮಂಡಿನೋವಿದೆ, ಒಂದೇ ಸಂಜೆ ಸಾಧ್ಯ ಎಂದರೆ ಡಿಝೀಸ್. ಅವರು ಬೇಗ ಮಲಗುವವರಾದರೆ ಬರ್ಡ್‌ಲ್ಯಾಂಡಿನ ಐದೂವರೆ. ಇಬ್ಬರೇ ಹೋಗಿ ನೆಮ್ಮದಿಯಾಗಿ ಉಂಡು ಬರಬೇಕೆಂದರೆ ಸ್ಮೋಕ್. ಇಷ್ಟದ ಕಲಾವಿದರು ಬ್ಲೂ ನೋಟಿಗೆ ಬರುತ್ತಿದ್ದಾರೆಂದರೆ ಬಾರಿನ ಟಿಕೆಟ್ ತೆಗೆದುಕೊಂಡು, ಊಟ ಬೇರೆ ಕಡೆ ಮಾಡಿ. ಮನೆಯವರಲ್ಲಿ ಒಬ್ಬರಾದರೂ ಸಂಗೀತ ಕಲಿತವರಿದ್ದರೆ ಅವರನ್ನು ಒಂದು ರಾತ್ರಿ ವ್ಯಾನ್‌ಗಾರ್ಡಿಗೆ ಕರೆದುಕೊಂಡು ಹೋಗಲೇಬೇಕು, ಉಳಿದವರು ಮನೆಯಲ್ಲಿರಲಿ. ಚಿಕ್ಕ ಮಕ್ಕಳಿದ್ದರೆ ಯಾವುದೇ ಕ್ಲಬ್ಬಾದರೂ ಮೊದಲೇ ಫೋನ್ ಮಾಡಿ ವಯಸ್ಸಿನ ನಿಯಮ ಕೇಳಿಕೊಳ್ಳಿ.

ಮೊದಲ ಸೆಟ್ಟಿಗೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಊಟ ತರಿಸಿಬಿಡಿ, ದೀಪ ಆರುವಷ್ಟರಲ್ಲಿ ತಟ್ಟೆ ಖಾಲಿಯಾಗಿರಲಿ. ಎರಡನೇ ಸೆಟ್ಟಿನಲ್ಲಿ ವಾದಕರು ಹೆಚ್ಚು ಮೈಬಿಟ್ಟು ನುಡಿಸುತ್ತಾರೆ, ಜನರೂ ಕಡಿಮೆ ಇರುತ್ತಾರೆ. ಆದರೆ ಹೊರಬರುವಾಗ ಹನ್ನೊಂದೂವರೆ, ಹನ್ನೆರಡಾಗಿರುತ್ತದೆ. ಎಡಿಸನ್ ಕಡೆಯವರು ಪೆನ್ ಸ್ಟೇಷನ್ನಿನಿಂದ ರಾತ್ರಿಯ ಕೊನೆಯ ರೈಲುಗಳ ಸಮಯ ನೋಡಿಟ್ಟುಕೊಂಡೇ ಹೊರಡಿ. ಜರ್ಸಿ ಸಿಟಿ, ಹೊಬೋಕನ್‌ನವರಿಗೆ ಆ ಚಿಂತೆ ಇಲ್ಲ, ನ್ಯೂಯಾರ್ಕಿಗೂ ಆ ಊರುಗಳಿಗೂ ನಡುವೆ ಓಡಾಡುವ ಪಾತ್ ರೈಲು ಇಡೀ ರಾತ್ರಿ ಓಡುತ್ತದೆ. ವ್ಯಾನ್‌ಗಾರ್ಡಿನಿಂದ ಹೊರಬಂದರೆ ಕ್ರಿಸ್ಟೋಫರ್ ಬೀದಿಯ ನಿಲ್ದಾಣ, ಬ್ಲೂ ನೋಟಿನಿಂದಾದರೆ 9ನೇ ಬೀದಿಯದು. ತಡರಾತ್ರಿ ಜರ್ಸಿ ಸಿಟಿಯ ಗಾಡಿಗಳು ಹೊಬೋಕನ್ ಸುತ್ತಿಕೊಂಡು ಹೋಗಬಹುದು, ಅದಕ್ಕೊಂದು ಕಾಲು ಗಂಟೆ ಜಾಸ್ತಿ ಇಟ್ಟುಕೊಳ್ಳಿ.